ಗ್ಯಾಲರಿಯ ಕೆಳಗೆ ನಿಂತವನು

ನಿನ್ನೆ ಸಂಜೆ ಭಾವಮೈದನಿಗೆ ‘ಆಯ್ತು’ ಎಂದುಬಿಟ್ಟಿದ್ದ. ಆ ಮಾತು ಬೆಳಗಿನಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡುತ್ತಿತ್ತು. ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಮುಂದೆ ಮೇಜಿನ ಮೇಲೆ ಯಾರದೋ ಬಾಯಿಯ ಪ್ಲಾಸ್ಟರ್ ಅಚ್ಚು, ಅದರ ಮೇಲೆ ಗುಲಾಬಿ ಬಣ್ಣದ ಮೇಣದ ದಂಡೆ, ಪಕ್ಕದ ತಟ್ಟೆಯಲ್ಲಿ ದಂಡೆಯೊಳಗೆ ಊರಬೇಕಾದ ಹಲ್ಲುಗಳು. ದಂತವೈದ್ಯೆಯ ಕ್ಲಿನಿಕ್ಕಿನ ಹಿಂದಿನ ಈ ಸಣ್ಣ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ಚೂರಿಯನ್ನು ಸ್ಪಿರಿಟ್ ದೀಪಕ್ಕೆ ಹಿಡಿಯುವುದು, ಮೇಣ ಕರಗಿಸುವುದು, ಹಲ್ಲು ಊರುವುದು, ಓರೆಯಾಯಿತೇ ಎಂದು ಒಂದು ಕಣ್ಣು ಮುಚ್ಚಿ ನೋಡುವುದು. ಕೈ ತನ್ನ ಪಾಡಿಗೆ ತಾನು ಮಾಡಿಕೊಂಡು ಹೋಗುವ ಕೆಲಸವಾದ್ದರಿಂದ ಮನಸ್ಸಿಗೆ ಹೇಳುವವರು ಕೇಳುವವರು ಇರಲಿಲ್ಲ. ಆಗಲ್ಲ ಎನ್ನಬಹುದಿತ್ತು. ನೋಡೋಣ ಎಂದು ಜಾರಿಕೊಳ್ಳಬಹುದಿತ್ತು. ಭಾವಮೈದ ಒಳಗೆ ಬಾ ಎಂದರೂ ಬಾರದೆ ಬಾಗಿಲಲ್ಲೇ ನಿಂತು, ದಿನವಿಡೀ ಬಸ್ಸು ಓಡಿಸಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದನ್ನೊಂದು ಹಿಸುಕುತ್ತ, “ಭಾವ, ನಾಳೆ ನೀವು ಮೊದಲಿಂದಾನೇ ಹೊರಗಿದ್ರೆ ಒಳ್ಳೇದು ಅಂತ ಎಲ್ರೂ ಹೇಳ್ತಿದಾರೆ. ನಾನಲ್ಲ” ಎಂದಿದ್ದ. ‘ನಾನಲ್ಲ’ ಎಂದದ್ದು ಕೇಳಿದ ಕೂಡಲೇ ಇದು ಭಾವಮೈದನದೇ ಮಾತು ಎಂದು ಗೊತ್ತಾಗಿತ್ತು. ಗೊತ್ತಾಗಿಯೂ, ಅವನ ಮುಖದ ಸಂಕಟ ನೋಡಲಾರದೆ, ತಾನೇ ಅವಸರವಾಗಿ ‘ಆಯ್ತು’ ಎಂದದ್ದು.

ಹೊರಗಿರುವುದು ಅವನಿಗೆ ಹೊಸದೇನಲ್ಲ. ಅವನು ಎದ್ದು ಹೋದರೆ ನಮ್ಮವರು ಗೋಲು ಹೊಡೆಯುತ್ತಾರೆ ಎಂಬುದು ಪೂರ್ವದ ಗ್ಯಾಲರಿಯ ಮೇಲಿನ ಸಾಲುಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಊರಿನ ಫುಟ್‌ಬಾಲ್ ಕ್ಲಬ್ಬು ಮೊದಲ ಡಿವಿಷನ್ನಿನಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ ಒಂದು ದಿನ ಅವನು ಚಹಾ ಕುಡಿಯಲು ಕೆಳಗಿಳಿದಿದ್ದಾಗ ಗೋಲು ಬಂತು. ಮುಂದಿನ ಸಲ ಮೂತ್ರಕ್ಕೆ ಹೋಗಿದ್ದಾಗ ಬಂತು. ಆಮೇಲೊಮ್ಮೆ ಭಾವಮೈದನೇ, ಆಗಿನ್ನೂ ಮೀಸೆ ಚಿಗುರುತ್ತಿದ್ದವನು, ನಗುತ್ತ “ಭಾವ, ಒಂದ್ಸಲ ಎದ್ದು ಹೋಗ್ಬನ್ನಿ, ನೋಡೋಣ” ಎಂದ. ಅವನೂ ನಗುತ್ತಲೇ ಎದ್ದು ಹೋದ. ಮೆಟ್ಟಿಲ ತಿರುವಿನಲ್ಲಿರುವಾಗಲೇ ತಲೆಯ ಮೇಲೆ ಗ್ಯಾಲರಿ ಗುಡುಗಿತು. ತಮಾಷೆ ಅಲ್ಲಿಗೆ ಮುಗಿಯಿತು. ಅವನು ಕೂತಿದ್ದಾಗ ಬಂದ ಒಂದೆರಡು ಗೋಲುಗಳನ್ನು ರೆಫ್ರಿ ಆಫ್‌ಸೈಡ್ ಎಂದು ತಳ್ಳಿಹಾಕಿದ್ದು ಮತ್ತಷ್ಟು ಪುರಾವೆಯಾಯಿತು. ಮೇಷ್ಟ್ರು, ಅದೇ ಸಾಲಿನಲ್ಲಿ ಅವನ ಎಡಕ್ಕೆ ಕೂರುವ ನಿವೃತ್ತ ಲೆಕ್ಕದ ಮೇಷ್ಟ್ರು, ಇಂಥದ್ದನ್ನೆಲ್ಲ ನಂಬುವ ಜನವಲ್ಲ. “ನಂಬೋದು ಬಿಡೋದು ಬೇರೆ ವಿಷಯ ಕಣಪ್ಪ. ಆದ್ರೆ ಸುಮ್ಮನೆ ಅಪಾಯ ಯಾಕೆ ತಗೋಬೇಕು?” ಎಂದು ಅವರೂ ಮಂಡಿ ಓರೆ ಮಾಡಿ ದಾರಿ ಬಿಡುತ್ತಿದ್ದರು. ಗೆಲ್ಲುತ್ತಿದ್ದಾಗ ಇದು ಹುಡುಗಾಟವಾಗಿತ್ತು. ಸೋಲತೊಡಗಿದ ಮೇಲೆ ಕೆಲಸವಾಯಿತು. ಕ್ಲಬ್ಬು ಎರಡನೆಯ ಡಿವಿಷನ್ನಿಗೆ ಇಳಿದ ವರ್ಷ ಅವನನ್ನು ಕೊನೆಯ ಹೊತ್ತಿಗೆ ಕಳಿಸುತ್ತಿದ್ದರು. ಒಳ್ಳೆಯ ಆಟಗಾರರೆಲ್ಲ ಕಾಲು ಕಿತ್ತ ಮೇಲೆ ವಿರಾಮಕ್ಕೇ ಕಳಿಸತೊಡಗಿದರು. ಮೂರನೆಯದಕ್ಕೆ ಇಳಿದ ಮೇಲೆ ಯಾರೂ ಹೇಳುವ ಅಗತ್ಯವೇ ಇರಲಿಲ್ಲ. ಚೆಂಡು ಎದುರಾಳಿಯ ಅಂಗಳಕ್ಕೆ ಹೋದ ಕೂಡಲೇ ಸಾಲಿನ ಆ ತುದಿಯಿಂದ ಈ ತುದಿಯವರೆಗೆ ತಲೆಗಳು ಅವನ ಕಡೆ ತಿರುಗುತ್ತಿದ್ದವು. ಅವನು ಮಫ್ಲರ್ ಸರಿಮಾಡಿಕೊಂಡು ಏಳುತ್ತಿದ್ದ. ಕಪ್ ಗೆದ್ದ ವರ್ಷದ ದೊಡ್ಡ ಫೋಟೋ ಒಂದು ಕ್ಲಬ್ಬಿನ ಆಫೀಸಿನಲ್ಲಿದೆ. ಗೋಲು ಬಿದ್ದ ಗಳಿಗೆಯಲ್ಲಿ ಗ್ಯಾಲರಿಯನ್ನು ತೆಗೆದದ್ದು. ಭಾವಮೈದ ಗಾಳಿಯಲ್ಲಿದ್ದಾನೆ, ಮೇಷ್ಟ್ರ ಕನ್ನಡಕ ಹಾರಿದೆ, ಇಬ್ಬರ ನಡುವೆ ಒಂದು ಖಾಲಿ ಜಾಗವಿದೆ. ಆಫೀಸಿಗೆ ಹೋದಾಗಲೆಲ್ಲ ಅವನು ಆ ಜಾಗವನ್ನೇ ನೋಡಿ ಬರುತ್ತಿದ್ದ. ಯಾರಿಗಾದರೂ ತೋರಿಸಿ ‘ಇದು ನಾನು’ ಎನ್ನುವ ಹಾಗಿರಲಿಲ್ಲ.

“ಇದೇನ್ರೀ ಇದು?” ಡಾಕ್ಟರಮ್ಮ ಯಾವಾಗ ಬಂದು ಹಿಂದೆ ನಿಂತರೋ. ಕೈಗವಸು ಹಾಕಿದ ಬೆರಳಿನಿಂದ ಅಚ್ಚನ್ನು ತಮ್ಮತ್ತ ತಿರುಗಿಸಿಕೊಂಡು, “ಬಲಗಡೆ ಕೋರೆಹಲ್ಲು ಎಡಗಡೆ ಕೂತಿದೆಯಲ್ಲ” ಎಂದರು. ನೋಡಿದ. ನಿಜ. ಕಸುಬು ಕಲಿಯಲು ಬಂದ ಮೊದಲ ವಾರದಲ್ಲೂ ಮಾಡಿರದ ತಪ್ಪು. ಕಿವಿ ಬಿಸಿಯಾಯಿತು. ಚೂರಿ ಕಾಯಿಸಿ ಹಲ್ಲನ್ನು ಕೀಳುತ್ತಿದ್ದಾಗ ಡಾಕ್ಟರಮ್ಮ ಗೋಡೆಗೆ ನೇತುಹಾಕಿದ್ದ ಹಸಿರು ಮಫ್ಲರನ್ನು ನೋಡಿ, ಬೈಯುವ ಬದಲು ಕನಿಕರದಿಂದಲೇ, “ಇವತ್ತು ಮ್ಯಾಚಾ? ಆ ಕ್ಲಬ್ಬು ಇನ್ನೂ ಇದ್ಯಾ?” ಎಂದರು. “ಇದೆ ಮೇಡಂ” ಎಂದ. ಬೈದಿದ್ದರೆ ವಾಸಿಯಿತ್ತು. ಇವತ್ತು ಗೆದ್ದರೆ ಇದೆ, ಸೋತರೂ ಸಮ ಆದರೂ ಇಲ್ಲ, ಕೆಳಗಿನ ಡಿವಿಷನ್ನಿಗೆ ಇಳಿದರೆ ಮೈದಾನಕ್ಕೆ ಬೀಗ ಎಂದು ಮಾಲೀಕರು ಆಗಲೇ ಹೇಳಿಬಿಟ್ಟಿದ್ದಾರೆ ಎಂದೆಲ್ಲ ಹೇಳಬಹುದಿತ್ತು. ಹೇಳಿ ಏನು ಮಾಡುವುದು. ಬಾಯಿಗಳ ಅಚ್ಚುಗಳು ಸಾಲಾಗಿ ಕಪಾಟಿನಿಂದ ನೋಡುತ್ತಿದ್ದವು, ಎಲ್ಲವೂ ಅರ್ಧ ತೆರೆದು, ಏನೋ ಕೂಗಲು ಹೊರಟು ನಿಂತುಬಿಟ್ಟಂತೆ. ಇವತ್ತು ನಮ್ಮವರು ಒಂದು ಗೋಲು ಹೊಡೆಯುತ್ತಾರೆ ಎಂದಿಟ್ಟುಕೊಳ್ಳೋಣ ಎಂದು ಅವನು ಯೋಚಿಸಿದ. ಬಹುಶಃ ಕೊನೆಯ ಗೋಲು. ಅದನ್ನೂ ಅವನು ಕಾಂಕ್ರೀಟಿನ ಕೆಳಗೆ ನಿಂತು ಕೇಳುತ್ತಾನೆ. ಕಣ್ಣಾರೆ ಕಂಡ ಕೊನೆಯ ಗೋಲು ಯಾವುದೆಂದು ನೆನಪಿಸಿಕೊಳ್ಳಲು ನೋಡಿದ. ಹೊಡೆದವನ ಮುಖ ಬರಲಿಲ್ಲ, ಬಲೆ ಅಲುಗಿದ್ದು ಬರಲಿಲ್ಲ, ಮುಂದಿನ ಸಾಲಿನಲ್ಲಿ ಕೂತಿದ್ದವರೊಬ್ಬರ ಟೊಪ್ಪಿ ಮಾತ್ರ ಬಂತು. ಟೀವಿಯಲ್ಲಿ ತೋರಿಸುತ್ತಿದ್ದ ಕಾಲದಲ್ಲಿ ನೋಡಬಹುದಿತ್ತು. ಆಗ ಅವನೇ ನೋಡಿರಲಿಲ್ಲ. ನೋಡಿದರೆ ಎಲ್ಲಿ ಬಿದ್ದ ಗೋಲು ವಾಪಸ್ಸು ಹೋಗುತ್ತದೋ ಎಂಬ ಭಯ. ಸುದ್ದಿಯಲ್ಲಿ ಆಟದ ಭಾಗ ಬಂದ ಕೂಡಲೇ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಿದ್ದ. ಈಗ ಮೂರನೆಯ ಡಿವಿಷನ್ನಿನ ಆಟವನ್ನು ಯಾವ ಟೀವಿಯೂ ತೋರಿಸುವುದಿಲ್ಲ. ಒಂದೇ ಒಂದು ಗೋಲು ಕಣ್ಣಾರೆ ನೋಡಬೇಕು ಎಂಬ ಆಸೆ, ಸಕ್ಕರೆ ಕಾಯಿಲೆಯವನ ಸಿಹಿಯ ಆಸೆಯಂತೆ, ನಾಚಿಕೆಯ ಜೊತೆಗೇ ಹುಟ್ಟಿ ನಾಚಿಕೆಯ ಜೊತೆಗೇ ಬೆಳೆಯುತ್ತಿತ್ತು.

ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿ ಬಡಿಸುತ್ತ, “ಇವತ್ತೂ ಹೊರಗೇನಾ?” ಎಂದಳು. ತಮ್ಮ ಹೇಳಿ ಹೋದದ್ದು ಅವಳಿಗೂ ಕೇಳಿಸಿತ್ತು. “ಅವನಿಗಂತೂ ಬುದ್ಧಿ ಇಲ್ಲ. ನೀವು ಒಳಗೆ ಹೋಗಿ ಕೂತ್ರೆ ಯಾರು ಕತ್ತು ಹಿಡಿದು ದಬ್ತಾರೆ?” ಅವನು ತಲೆ ಎತ್ತದೆ ತಿಂದ. ಯಾರೂ ದಬ್ಬುವುದಿಲ್ಲ, ಅದೇ ಕಷ್ಟ. ದಬ್ಬಿದ್ದರೆ ಜಗಳವಾಡಬಹುದಿತ್ತು. ಎಲ್ಲರೂ ಪ್ರೀತಿಯಿಂದ ದಾರಿ ಬಿಡುತ್ತಾರೆ; ಆಟ ಮುಗಿದು ಕೆಳಗಿಳಿದಾಗ ಹೆಗಲ ಮೇಲೆ ಕೈ ಹಾಕುತ್ತಾರೆ; ಗೆದ್ದ ದಿನ ‘ನಿಮ್ಮಿಂದಲೇ’ ಎನ್ನುತ್ತಾರೆ. ಆ ‘ನಿಮ್ಮಿಂದಲೇ’ ಎಂಬುದು ಬೇಡವಾಗಿತ್ತೇ? ಇಡೀ ಗ್ಯಾಲರಿಯಲ್ಲಿ ಗೋಲು ಹೊಡೆಯದೆ ಗೋಲು ತರುವವನು ತಾನೊಬ್ಬನೇ ಎಂದು ಒಳಗೊಳಗೇ ಉಬ್ಬಿರಲಿಲ್ಲವೇ? ಹೆಂಡತಿ ಎಂದದ್ದು ‘ಇವತ್ತೂ’. ಅವಳು ಆಟದ ಬಗ್ಗೆಯೇ ಹೇಳಿದ್ದು, ಅವನಿಗೆ ಗೊತ್ತು. ಆದರೆ ಆ ಒಂದು ದೀರ್ಘ ಸ್ವರ ಅವನನ್ನು ಆಸ್ಪತ್ರೆಯ ಉದ್ದನೆಯ ಹಜಾರಕ್ಕೆ ಎಳೆದೊಯ್ದು ನಿಲ್ಲಿಸಿತು. ಹಸಿರು ಬಣ್ಣ ಬಳಿದ ಗೋಡೆ, ಅರ್ಧದವರೆಗೆ ಮಾತ್ರ ಹಸಿರು. ಒಳಗೆ ಅಮ್ಮ. ಹೆಂಡತಿ ಬಾಗಿಲು ತೆರೆದು “ಅತ್ತೆ ಕರೀತಿದಾರೆ, ಬನ್ನಿ” ಎಂದಾಗ ಅವನು ಕಿಟಕಿಯ ಸರಳು ಹಿಡಿದು ನಿಂತಿದ್ದ. “ನಾನು ಇಲ್ಲೇ ಇರ್ತೀನಿ” ಎಂದ. ಹೇಡಿತನವಲ್ಲ, ಅಳು ಬರುತ್ತದೆಂದಲ್ಲ. ತಾನು ಹೊರಗಿದ್ದರೆ ಒಳಗೆ ಒಳ್ಳೆಯದಾಗುತ್ತದೆ ಎಂದು, ಬೆಳೆದ ಮಕ್ಕಳ ತಂದೆಯಾದ ಅವನು, ಮನಸಾರೆ ನಂಬಿ ನಿಂತಿದ್ದ. ಗ್ಯಾಲರಿ ಗುಡುಗುವುದನ್ನು ಕಾಯುವವನಂತೆ ಆ ಬಾಗಿಲಿಗೆ ಕಿವಿಗೊಟ್ಟಿದ್ದ. ಬಾಗಿಲು ಮತ್ತೆ ತೆರೆದು ಹೆಂಡತಿ ಹೊರಗೆ ಬಂದಳು. ಅವಳ ಕೈಯಲ್ಲಿ ಅಮ್ಮನ ಹಲ್ಲಿನ ಸೆಟ್ಟು ಇತ್ತು, ಅವನೇ ಮಾಡಿಕೊಟ್ಟದ್ದು. ಯಾಕೆ ಹೊರಗೆ ನಿಂತಿದ್ದೆ ಎಂದು ಅವನು ಇದುವರೆಗೆ ಯಾರಿಗೂ ಹೇಳಿಲ್ಲ. ಹೇಳಿದರೆ ಜನ ನಗುವುದಿಲ್ಲ, ಹೌದೆಂದು ತಲೆಯಾಡಿಸುತ್ತಾರೆ ಎಂಬುದೇ ಭಯ. “ಇನ್ನೊಂದು ಸ್ವಲ್ಪ ಹಾಕ್ಲಾ?” ಎಂದಳು ಹೆಂಡತಿ. ಬೇಡವೆಂದು ಕೈ ಅಡ್ಡ ಹಿಡಿದ.

ಮೈದಾನದ ಗೇಟಿನಲ್ಲಿ ಭಾವಮೈದ, ಮೇಷ್ಟ್ರು ಕಾದಿದ್ದರು. ಮೊದಲೆಲ್ಲ ಈ ರಸ್ತೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಇವತ್ತು ಕೊನೆಯ ದಿನವಿರಬಹುದೆಂದು ಒಂದಿಷ್ಟು ಜನ ಹೆಚ್ಚೇ ಬಂದಿದ್ದರೂ, ಸಾವಿನ ಮನೆಗೆ ಬಂದವರಂತೆ ದೂರ ದೂರ ನಿಂತು ಮೆಲ್ಲಗೆ ಮಾತಾಡುತ್ತಿದ್ದರು. ಪಶ್ಚಿಮದ ಗ್ಯಾಲರಿಯ ಅರ್ಧಕ್ಕೆ ಹಗ್ಗ ಕಟ್ಟಿ ಎಷ್ಟೋ ಕಾಲವಾಯಿತು, ಕಬ್ಬಿಣ ತುಕ್ಕು ಹಿಡಿದು. ಜರ್ಸಿಯ ಎದೆಯ ಮೇಲೆ ಹಿಂದೆ ದೊಡ್ಡ ಟೈರ್ ಕಂಪನಿಯ ಹೆಸರಿತ್ತು. ಈಗ ಹಾಸಿಗೆ ಅಂಗಡಿಯದು. ಸೋತ ದಿನ ಎದುರಾಳಿಗಳು ‘ಮಲಗಿ, ಮಲಗಿ’ ಎಂದು ಕೂಗಲು ಅನುಕೂಲವಾಗಿದೆ. ಮೇಷ್ಟ್ರು ಅವನ ಮಫ್ಲರಿನ ತುದಿ ಹಿಡಿದು, “ಬೇಜಾರಿಲ್ಲ ತಾನೆ?” ಎಂದರು. “ಏನ್ ಬೇಜಾರು ಮೇಷ್ಟ್ರೇ” ಎಂದ. ಭಾವಮೈದ ಅವನ ಮುಖ ನೋಡಲಿಲ್ಲ. “ನಿಮ್ ಜಾಗದಲ್ಲಿ ಯಾರನ್ನೂ ಕೂರಿಸಲ್ಲ ಭಾವ” ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದ. ಹಿಂದಿನಿಂದ ನೋಡಿದರೆ ಅವನಿಗೂ ನಡುತಲೆಯಲ್ಲಿ ಕೂದಲು ಹೋಗಿತ್ತು. ಮದುವೆಯ ದಿನ ಇವನ ಪಕ್ಕದಲ್ಲಿ ಫೋಟೋಕ್ಕೆ ನಿಲ್ಲಲು ನಾಚಿ ಓಡಿಹೋದ ಹುಡುಗ. ಅಕ್ಕನ ಗಂಡನನ್ನು ಒಲಿಸಿಕೊಳ್ಳಲೆಂದೇ ಮೊದಲ ಸಲ ಮೈದಾನಕ್ಕೆ ಬಂದವನು, ಆಮೇಲೆ ಇವನಿಗಿಂತ ಹೆಚ್ಚು ಹಚ್ಚಿಕೊಂಡ. ಅವನು ಹೊರಗೆ ಕಳಿಸುವಾಗಲೆಲ್ಲ ಅವನ ದನಿಯಲ್ಲಿರುವ ಗೌರವವೇ ಇವನನ್ನು ಹೆಚ್ಚು ನೋಯಿಸುತ್ತಿತ್ತು. ಏಕವಚನದಲ್ಲಿ ಹೋಗೋ ಎಂದಿದ್ದರೆ ಇವನು ಎಂದೋ ಹೋಗದೆ ಕೂರುತ್ತಿದ್ದನೇನೋ.

ಗ್ಯಾಲರಿಯ ಕೆಳಗೆ ಚಹಾದಂಗಡಿಯ ಹೆಂಗಸು ಅವನನ್ನು ಕಂಡು, “ಏನ್ ಇವತ್ತು ಇಷ್ಟು ಬೇಗ?” ಎಂದು ಕೇಳಿದವಳು ತಾನೇ ಅರ್ಥಮಾಡಿಕೊಂಡು ಸುಮ್ಮನಾದಳು. ಕಂಬಕ್ಕೆ ಒರಗಿ ನಿಂತ. ಇಲ್ಲಿ ನಿಂತು ಅವನು ಎಷ್ಟು ಆಟ ಕೇಳಿದ್ದಾನೋ. ಪಾದಗಳು ಕುಟ್ಟತೊಡಗಿದರೆ ಚೆಂಡು ಮುಂದೆ ಹೋಗುತ್ತಿದೆ. ಒಮ್ಮೆಗೇ ಉಸಿರೆಳೆದಂತಾದರೆ ಗೋಲಿನ ಕಂಬಕ್ಕೆ ಬಡಿಯಿತು ಇಲ್ಲವೇ ಮೇಲೆ ಹೋಯಿತು. ಏನೂ ಕೇಳಿಸದಿದ್ದರೆ ಅವರು ಹೊಡೆದರು. ನಮ್ಮವರು ಹೊಡೆದರೆ ಮಾತ್ರ ಮೇಲಿನಿಂದ ಸುಣ್ಣದ ಪುಡಿ ಉದುರುತ್ತದೆ, ಚಹಾದ ಲೋಟಕ್ಕೆ ಅಂಗೈ ಮುಚ್ಚಬೇಕು. ಆಮೇಲೆ ಮನೆಗೆ ಹೋಗುವ ದಾರಿಯಲ್ಲಿ ಮೇಷ್ಟ್ರು ಆ ಗೋಲನ್ನು ಅವನಿಗೆ ಹೇಳುತ್ತಾರೆ, ಕೈಯಲ್ಲೇ ಗಾಳಿಯಲ್ಲಿ ಗೆರೆ ಎಳೆದು, ಕೋನ ತೋರಿಸಿ. ಹಾಗೆ ಕೇಳಿದ ಗೋಲುಗಳಲ್ಲಿ ಕೆಲವು ಅವನಿಗೆ ಬಾಯಿಪಾಠ. ಇವತ್ತು ಕೇಳಿಸಿದ್ದೆಲ್ಲ ಬರೀ ಕೆಮ್ಮು, ಒಂದೆರಡು ಬೈಗುಳ. ವಿರಾಮವಾಯಿತು. ಎರಡೂ ಕಡೆ ಸೊನ್ನೆ. ಮೇಲಿನಿಂದ ಇಳಿದುಬಂದವರು ಅವನ ಕಡೆ ಒಂದು ಥರ ನೋಡಿದರು. ಹೊರಗೆ ನಿಂತೂ ಪ್ರಯೋಜನವಾಗಲಿಲ್ಲವಲ್ಲ ಎಂಬಂತೆ. ಒಬ್ಬ ಹತ್ತಿರ ಬಂದು, “ಇನ್ನೂ ಸ್ವಲ್ಪ ದೂರ ಹೋಗಿ ನಿಂತ್ರೆ ಹೇಗೆ ಸಾರ್?” ಎಂದ. ತಮಾಷೆಯಾಗಿರಲಿಲ್ಲ. ಆ ಮನುಷ್ಯ ಕೈಮುಗಿದೇ ಕೇಳಿದ್ದ.

ಅವನು ದೂರ ಹೋಗಲೆಂದೇ ಹೊರಟದ್ದು. ಮೈದಾನದ ಗೋಡೆಗುಂಟ ನಡೆದ. ಗೋಡೆಯ ಮೇಲೆ ಹಳೆಯ ಪೋಸ್ಟರುಗಳ ಮೇಲೆ ಹೊಸ ಪೋಸ್ಟರುಗಳು, ಕೆಳಗೆ ಯಾರೋ ಉಚ್ಚೆ ಹೊಯ್ದ ಕಲೆ. ಒಳಗೆ ಎರಡನೆಯ ಅರ್ಧ ಶುರುವಾದ ಸೀಟಿ. ಇನ್ನೂ ದೂರ, ಇನ್ನೂ ದೂರ ಎಂದುಕೊಳ್ಳುತ್ತ ತಿರುವು ಹಾದ, ಬೀಗ ಹಾಕಿದ ಪಶ್ಚಿಮದ ಗೇಟು ಹಾದ; ಹೀಗೇ ನಡೆದರೆ ಊರು ದಾಟಿ, ಬೆಟ್ಟ ದಾಟಿ ಹೋಗಿ ನಿಂತರೆ ನಮ್ಮವರು ಗೆಲ್ಲಬಹುದೇನೋ ಎನಿಸಿ ನಗು ಬಂತು, ನಗುವಿನ ಹಿಂದೆಯೇ ತಡೆಯಲಾರದ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅಮ್ಮ ಕರೆದಿದ್ದಳು. ಅಷ್ಟು ಹತ್ತಿರದಿಂದ ಕರೆದಿದ್ದಳು. ಎದುರಿಗೆ ಎದುರಾಳಿಯ ಬೆಂಬಲಿಗರ ಗೇಟು ಇತ್ತು. ಕಿಂಡಿಯಲ್ಲಿ ಕೂತವನು, “ಅರ್ಧ ಆಟ ಮುಗೀತಲ್ಲ” ಎಂದು ಅಚ್ಚರಿಪಡುತ್ತಲೇ ಟಿಕೆಟ್ ಹರಿದ. ಅವನು ಮಫ್ಲರ್ ಬಿಚ್ಚಿ, ಸುತ್ತಿ, ಕೋಟಿನೊಳಗೆ ಹೊಟ್ಟೆಯ ಹತ್ತಿರ ತುರುಕಿಕೊಂಡ. ಕದ್ದ ಮಾಲು ಬಚ್ಚಿಟ್ಟವನಂತೆ ಗುಂಡಿ ಹಾಕಿಕೊಂಡು ಒಳಗೆ ಹೋದ.

ಹುಲ್ಲು ಅಷ್ಟು ಹಸಿರಿರುತ್ತದೆಂಬುದನ್ನು ಮರೆತೇಬಿಟ್ಟಿದ್ದ. ಪರರ ಗ್ಯಾಲರಿಯಲ್ಲಿ ಜನ ಕಡಿಮೆ. ಹಿಂದಿನ ಸಾಲಿನಲ್ಲಿ ಕೂತ. ಪಕ್ಕದಲ್ಲಿ ಶಾಲು ಹೊದ್ದ ಮುದುಕರೊಬ್ಬರು ಅವನಿಗೆ ಜಾಗ ಬಿಟ್ಟು ಸರಿದರು. ಅಲ್ಲಿಂದ ನೋಡಿದರೆ ಪೂರ್ವದ ಗ್ಯಾಲರಿ ಇಡಿಯಾಗಿ ಎದುರಿಗಿತ್ತು. ಒಳಗೆ ಕೂತಾಗ ಅದು ದೊಡ್ಡದು, ಕೆಳಗೆ ನಿಂತಾಗ ಭಾರವಾದದ್ದು. ಇಲ್ಲಿಂದ ಅಷ್ಟಿಷ್ಟೇ ಜನ, ಚೆಲ್ಲಿದಂತೆ. ಮೇಷ್ಟ್ರು ಕೂತಲ್ಲೇ ಹಿಂದೆ ಮುಂದೆ ತೂಗುತ್ತಿದ್ದರು. ಭಾವಮೈದ ಮಂಡಿಗಳ ಮೇಲೆ ಮೊಣಕೈ ಊರಿದ್ದ. ನಡುವೆ ಜಾಗ ಖಾಲಿಯಿತ್ತು, ಮೇಷ್ಟ್ರ ಚೀಲವನ್ನು ಕೂಡ ಅಲ್ಲಿ ಇಟ್ಟಿರಲಿಲ್ಲ. ಅವನಿಗೆ ಎದ್ದು ಓಡಿಹೋಗಬೇಕೆನಿಸಿತು. ಓಡಿ ಎಲ್ಲಿಗೆ? ತಾನು ಒಳಗಿದ್ದಾಯಿತು, ಕೆಡುಕಾಗುವುದಿದ್ದರೆ ಆಗಲೇ ಶುರುವಾಯಿತು. ನಮ್ಮ ಹುಡುಗರು ದಣಿದಿದ್ದರು. ಒಬ್ಬನ ಕಾಲುಚೀಲ ಇಳಿದುಹೋಗಿತ್ತು, ಎಳೆದುಕೊಳ್ಳುವ ಗೋಜಿಗೆ ಅವನು ಹೋಗಲಿಲ್ಲ. ಬಹಳ ಹೊತ್ತಾದ ಮೇಲೆ ಎಲ್ಲಿಂದಲೋ ಒಂದು ಕಾರ್ನರ್ ಸಿಕ್ಕಿತು. ಎದುರಿನ ಗ್ಯಾಲರಿಯಲ್ಲಿ ತಲೆಗಳು ಅಭ್ಯಾಸದಿಂದ ಖಾಲಿ ಜಾಗದ ಕಡೆ ತಿರುಗಿ ಮತ್ತೆ ಮುಂದೆ ನೋಡಿದ್ದು ಅವನಿಗೆ ಇಲ್ಲಿಂದಲೇ ಕಾಣಿಸಿತು. ಕಣ್ಣು ಮುಚ್ಚಿಕೊಳ್ಳೋಣವೆಂದುಕೊಂಡ. ಮುಚ್ಚಲಿಲ್ಲ.

ಚೆಂಡು ಎತ್ತರಕ್ಕೆ ಬಂದು, ಇಳಿದು, ಎಲ್ಲರೂ ಒಟ್ಟಿಗೆ ಹಾರಿದರು. ಯಾರ ತಲೆಗೂ ತಾಗಲಿಲ್ಲ. ಒಬ್ಬನ ಬೆನ್ನಿಗೆ ಬಡಿದು ಕೆಳಗೆ ಬಿತ್ತು. ಕಾಲುಚೀಲ ಇಳಿದ ಹುಡುಗ ಅದಕ್ಕೆ ಬೆನ್ನು ಮಾಡಿ ತಿರುಗುತ್ತಿದ್ದ; ಚೆಂಡು ಅವನ ಮೊಣಕಾಲಿಗೆ ತಾಗಿ, ಹೊರಟಿದ್ದೇ ಗೊತ್ತಾಗದಷ್ಟು ನಿಧಾನವಾಗಿ ಉರುಳಿ, ಗೋಲ್‌ಕೀಪರನ ಕೈಯ ಪಕ್ಕದಲ್ಲೇ ಗೆರೆ ದಾಟಿ, ಬಲೆಗೆ ಮುಟ್ಟುವಷ್ಟು ಶಕ್ತಿಯೂ ಇಲ್ಲದೆ ನಿಂತುಬಿಟ್ಟಿತು. ಗೋಲು. ಎದುರಿನ ಗ್ಯಾಲರಿ ಎದ್ದಿತು. ಸದ್ದು ಒಂದು ಕ್ಷಣ ತಡವಾಗಿ ಬಂದು ಅವನ ಎದೆಗೆ ಬಡಿಯಿತು. ಅಷ್ಟು ಕುರೂಪವಾದ, ಅಷ್ಟು ಬಡಪಾಯಿ ಗೋಲು. ಇದಕ್ಕಿಂತ ಚೆಂದದ್ದನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಹಲ್ಲು ಕಚ್ಚಿ ಹಿಡಿದಿದ್ದರಿಂದ ದವಡೆ ನೋಯುತ್ತಿತ್ತು. ತಾನು ಎದ್ದು ನಿಂತಿದ್ದೇನೆ ಎಂದು ಅವನಿಗೆ ತಿಳಿದದ್ದು ಸುತ್ತಲಿನವರೆಲ್ಲ ಕೂತೇ ಇದ್ದಾರೆ ಎಂದು ಕಂಡ ಮೇಲೆ. ಪಕ್ಕದ ಮುದುಕರು ತಲೆ ಎತ್ತಿ ನೋಡಿ, “ಇದೂ ಒಂದು ಗೋಲಾ?” ಎಂದರು. “ಅಲ್ಲ” ಎಂದ ಅವನು. ಎಂದದ್ದು ಕೇಳಿಸಿಕೊಂಡು ತಾನೇ ಬೆಚ್ಚಿದ. ಕೂತ. ತಾನು ಒಳಗಿದ್ದಾಗ ಬಂತು ಎಂಬ ಯೋಚನೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ. ಹಾಗಾದರೆ ಇಷ್ಟು ವರ್ಷ ಕೆಳಗೆ ನಿಂತಿದ್ದದ್ದು ಯಾಕೆ? ಹಾಗಾದರೆ ಆ ಹಜಾರ? ಸಂತೋಷದ ಬೆನ್ನಿಗೇ ಬಂದ ಈ ಪ್ರಶ್ನೆಯ ಮುಂದೆ ಅವನು ಕೈಕಟ್ಟಿ ಕೂತುಬಿಟ್ಟ. ಆಟ ಕಣ್ಣಮುಂದೆ ನಡೆಯುತ್ತಿದ್ದರೂ ನೋಡಲಿಲ್ಲ. ಹೀಗಾಗಿ ಎದುರಾಳಿಗಳು ಹೊಡೆದು ಸಮ ಮಾಡಿದ್ದು ಹೇಗೆಂದು ಅವನಿಗೆ ಗೊತ್ತೇ ಆಗಲಿಲ್ಲ. ಶಾಲಿನ ಮುದುಕರು ಅವನನ್ನು ತಬ್ಬಿಕೊಂಡು ಬೆನ್ನು ತಟ್ಟುತ್ತಿದ್ದರು, ಮುಂದಿನವರೆಲ್ಲ ಕುಣಿಯುತ್ತಿದ್ದರು. ಮುದುಕರ ಕೆನ್ನೆಯ ಕುರುಚಲು ಅವನ ಕೆನ್ನೆಗೆ ಒತ್ತುತ್ತಿತ್ತು. ಕೋಟಿನೊಳಗೆ ಮಫ್ಲರ್ ಇಬ್ಬರ ನಡುವೆ ಹಿಂಡಿಹೋಯಿತು. ಬಿಡಿಸಿಕೊಳ್ಳುವ ಧೈರ್ಯವಾಗದೆ ಅವನೂ ಅವರ ಬೆನ್ನ ಮೇಲೆ ಕೈಯಿಟ್ಟ.

ಕೊನೆಯ ಸೀಟಿಯಾದಾಗ ಅವನು ಗೋಡೆಗುಂಟ ಓಡುತ್ತಿದ್ದ. ಚಹಾದಂಗಡಿಯ ಹತ್ತಿರ ಬಂದು ಕಂಬ ಹಿಡಿದು ಏದುಸಿರು ಬಿಡುತ್ತಿದ್ದಾಗ ಅಂಗಡಿಯ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿದಳು, ಏನೂ ಕೇಳದೆ ಒಂದು ಲೋಟ ನೀರು ಮುಂದಿಟ್ಟಳು. ಮಫ್ಲರ್ ಕತ್ತಿಗೆ ಸುತ್ತಿಕೊಳ್ಳುವಷ್ಟರಲ್ಲಿ ಜನ ಇಳಿದುಬಂದರು. ಯಾರೂ ಅಳುತ್ತಿರಲಿಲ್ಲ. ಕೆಲವರು ಗೋಡೆಯನ್ನು ಮುಟ್ಟಿ ಹೋಗುತ್ತಿದ್ದರು. ವಿರಾಮದಲ್ಲಿ ಕೈಮುಗಿದಿದ್ದ ಮನುಷ್ಯ ಅವನ ತೋಳು ಒತ್ತಿ, “ನಿಮ್ ಕೈಲಾದ್ದು ನೀವು ಮಾಡಿದ್ರಿ ಸಾರ್” ಎಂದು ಮುಂದೆ ನಡೆದ. ಆ ಮಾತು ಕೆನ್ನೆಗೆ ಹೊಡೆದಂತಾಯಿತು. ಮೇಷ್ಟ್ರು, ಹಿಂದೆ ಭಾವಮೈದ. ಮೂವರೂ ರಸ್ತೆಗಿಳಿದರು. ಬಿಸಿಲು ಇನ್ನೂ ಇತ್ತು. ಅಂಗಡಿಗಳು ತೆರೆದಿದ್ದವು, ಯಾರೋ ಏಣಿ ಹತ್ತಿ ಬಲ್ಬು ಬದಲಿಸುತ್ತಿದ್ದರು. ಕ್ಲಬ್ಬು ಮುಳುಗಿದ್ದಕ್ಕೆ ಊರಿನಲ್ಲಿ ಎಲ್ಲೂ ಗುರುತಿರಲಿಲ್ಲ.

“ಗೋಲು ಹೇಳ್ಲಿಲ್ವಲ್ಲ ನಿಂಗೆ” ಎಂದರು ಮೇಷ್ಟ್ರು, ಔಷಧಿ ಅಂಗಡಿಯ ತಿರುವಿನಲ್ಲಿ. ಅವರ ದನಿ ಒಡೆದಿತ್ತು. ಅವನು ಬೇಡ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವರು ಕೈ ಎತ್ತಿದ್ದರು. ಮಧ್ಯದ ಗೆರೆಯ ಹತ್ತಿರ ಚೆಂಡು ಸಿಕ್ಕಿತಂತೆ. ಆ ಹುಡುಗ ಒಬ್ಬನನ್ನು ದಾಟಿದನಂತೆ, ಇನ್ನೊಬ್ಬನ ಕಾಲ ಸಂದಿಯಿಂದ ತಳ್ಳಿದನಂತೆ. “ಇಲ್ಲಿಂದ ಹೊಡೆದ ನೋಡು, ಇಷ್ಟು ದೂರ. ಇಷ್ಟು ಕೋನ. ಗೋಲ್‌ಕೀಪರ್ ಹಾರಿದ, ಬೆರಳ ತುದಿಗೆ ಸಿಗಲಿಲ್ಲ. ಮೇಲಿನ ಮೂಲೆ. ಬಲೆ ಹೀಗೆ ಉಬ್ಬಿತು.” ನಡುರಸ್ತೆಯಲ್ಲಿ ನಿಂತು, ಹಿಂದಿನಿಂದ ಸೈಕಲ್ಲಿನವನು ಗಂಟೆ ಬಾರಿಸುತ್ತಿದ್ದರೂ ಲೆಕ್ಕಿಸದೆ, ಬಲೆ ಉಬ್ಬಿದ್ದನ್ನು ಎರಡೂ ತೋಳಿನಲ್ಲಿ ತೋರಿ ಹಾಗೇ ನಿಂತರು. ಅವನು ಅವರ ಮುಖವನ್ನೇ ನೋಡಿದ. ಸುಳ್ಳು ಹೇಳುವವರ ಮುಖ ಅದಾಗಿರಲಿಲ್ಲ. ಕೊಡಲು ಏನಾದರೂ ಉಳಿದಿದೆಯೇ ಎಂದು ಜೇಬು ತಡಕುವವರ ಮುಖ. ಹಾಗಾದರೆ ಉಳಿದವು? ಅವನಿಗೆ ಬಾಯಿಪಾಠವಾಗಿರುವ ಆ ಗೋಲುಗಳಲ್ಲಿ ಎಷ್ಟು ಬೆನ್ನಿಗೆ ಬಡಿದವು, ಎಷ್ಟು ಮೊಣಕಾಲಿನವು? ಹೊರಗೆ ನಿಂತವನಿಗೆಂದು ಇವರು ಪ್ರತಿ ಸಲ ಹೊಸದೊಂದನ್ನು ಕಟ್ಟಿ ತರುತ್ತಿದ್ದರೇ? “ಚೆನ್ನಾಗಿತ್ತು ಮೇಷ್ಟ್ರೇ” ಎಂದ. ಮೇಷ್ಟ್ರು ತೃಪ್ತಿಯಿಂದ ತಲೆಯಾಡಿಸಿ, ತಮ್ಮ ಬೀದಿಗೆ ತಿರುಗಿ, ಒಮ್ಮೆಯೂ ಹಿಂದೆ ನೋಡದೆ ನಡೆದುಹೋದರು.

ಬಸ್ ನಿಲ್ದಾಣದ ಹತ್ತಿರ ಬಂದಾಗ ಭಾವಮೈದ ನಿಂತ.

“ಭಾವ.”

“ಹೂಂ.”

“ನೀವು ಆ ಕಡೆ ಕೂತಿದ್ದನ್ನ ನಾನು ನೋಡ್ದೆ.”

ಬೈಯಲಿ ಎಂದು ಅವನು ಕಾದ. ಬೈಯುವ ಹಕ್ಕು ಇದ್ದದ್ದು ಭಾವಮೈದನಿಗೇ.

“ಕಾರ್ನರ್ ಸಿಕ್ತಲ್ಲ, ಆಗ. ಮೊದ್ಲು ನಂಬಲಿಲ್ಲ. ಆಮೇಲೆ ನೀವು ಕೂರೋ ರೀತಿ ನಂಗೊತ್ತಿಲ್ವಾ. ಮೈಯೆಲ್ಲ ಉರಿದುಹೋಯ್ತು. ಆಟ ಹಾಳಾಯ್ತು, ಎಲ್ಲ ಮುಗೀತು ಅಂತ ನಿಮ್ಮನ್ನೇ ದುರುಗುಟ್ಟಿ ನೋಡ್ತಿದ್ದೆ.” ಬಸ್ಸೊಂದು ಬಂದು ನಿಂತು, ಯಾರೂ ಹತ್ತದೆ ಹೊರಟುಹೋಯಿತು. “ನೀವು ಎದ್ದು ನಿಂತ್ರಿ. ಅಲ್ಲಿ ಎಲ್ರೂ ಕೂತಿದ್ರು, ನೀವೊಬ್ರೇ ನಿಂತಿದ್ರಿ. ನಂಗೆ ಸುತ್ತ ಎಲ್ರೂ ಯಾಕೆ ಕುಣೀತಿದಾರೆ ಅಂತಾನೇ ಗೊತ್ತಾಗ್ಲಿಲ್ಲ. ಗೋಲು ಬಂದಿದ್ದು ನಾನು ನೋಡ್ಲೇ ಇಲ್ಲ ಭಾವ.”

“ನೀವು ಒಳಗಿದ್ದಾಗ್ಲೇ ಬಂತು” ಎಂದ ಭಾವಮೈದ. “ಇಷ್ಟು ವರ್ಷ ನಾನು ನಿಮ್ಮನ್ನ...” ಅಷ್ಟು ದೊಡ್ಡ ಆಳು, ಜನರ ಕಣ್ಣೆದುರಿಗೇ ಅಂಗೈಯಿಂದ ಮುಖ ಒರೆಸಿಕೊಂಡ. ತನ್ನದೆಂದು ಇಷ್ಟು ದಿನ ಹೊತ್ತ ಹೊರೆ ಹೀಗೆ ಇನ್ನೊಬ್ಬನ ಹೆಗಲಿಗೆ ಹೋಗಿ ಕೂರುವುದನ್ನು ಅವನು ನೋಡಿದ. ಅದನ್ನು ವಾಪಸ್ಸು ತೆಗೆದುಕೊಳ್ಳುವ ಮಾತು ಯಾವುದಾದರೂ ಇದ್ದರೆ ಅವನಿಗೆ ಗೊತ್ತಿರಲಿಲ್ಲ. ಭಾವಮೈದನ ತೋಳು ಹಿಡಿದು ನಿಲ್ದಾಣದ ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತ.

ಭಾವಮೈದ ಕೇಳಿದ. “ಹೇಗೆ ಬಂತು ಗೋಲು? ಮೇಷ್ಟ್ರು ಹೇಳಿದ ಹಾಗೇನಾ?”

ಅವನ ಕಣ್ಣಮುಂದೆ ಚೆಂಡು ಮತ್ತೆ ಬೆನ್ನಿಗೆ ಬಡಿಯಿತು, ಮೊಣಕಾಲಿಗೆ ತಾಗಿತು, ನಿಧಾನವಾಗಿ ಉರುಳಿತು. ಅದು ಅವನದು, ಅದನ್ನು ಯಾರಿಗೂ ಕೊಡುವಂತಿರಲಿಲ್ಲ.

“ಮೇಷ್ಟ್ರು ಕಡಿಮೆ ಹೇಳಿದ್ರು” ಎಂದ. ಕೈ ಎತ್ತಿ, ಮಧ್ಯದ ಗೆರೆಯಿಂದ ಶುರುಮಾಡಿದ.